ತುಟಿ ಆಡಿಸಿದರೆ ಸಾಕು ಎಂದಿದ್ದೆ

ನಮ್ಮ ಶಾಲೆಯಲ್ಲಿ ಇರುವುದು ಒಂದೇ ಹಾರ್ಮೋನಿಯಂ. ಅದನ್ನು ಬಾರಿಸಲು ಬರುವವಳು ನಾನೊಬ್ಬಳೇ. ಹಾಗಾಗಿ ಸಂಗೀತದ ಹೆಸರಿನಲ್ಲಿ ಅಲ್ಲಿ ಏನೇ ಆಗಲಿ, ಒಳ್ಳೆಯದೋ ಕೆಟ್ಟದ್ದೋ, ನೇರವಾಗಿ ನನ್ನ ಕೊರಳಿಗೇ ಬೀಳುತ್ತದೆ. ನಾನು ಸಂಗೀತದ ಟೀಚರ್ ಅಲ್ಲ. ನಾಲ್ಕನೇ ಮತ್ತು ಐದನೇ ತರಗತಿಗೆ ಗಣಿತ, ಪರಿಸರ ಅಧ್ಯಯನ ಹೇಳಿಕೊಡುವವಳು. ಹುಟ್ಟಿದ್ದು ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ. ಕುರಿ ಕೂಗಿ ಕರೆಯುವವರ ನಡುವೆ ಬೆಳೆದವಳಿಗೆ ಮೆಲ್ಲಗೆ ಮಾತಾಡುವುದನ್ನು ಯಾರೂ ಕಲಿಸಲಿಲ್ಲ. ಈಗ ನ್ಯಾಮತಿಯಲ್ಲಿ ಬಾಡಿಗೆ ಮನೆ. ಬೆಳಗ್ಗೆ ಸವಳಂಗದ ಬಸ್ಸು ಹತ್ತಿ ಕ್ರಾಸಿನಲ್ಲಿ ಇಳಿದು, ಒಳಕ್ಕೆ ನಡೆದು ಶಾಲೆ ಸೇರುತ್ತೇನೆ. ನಾನು ಗೇಟಿನ ಹತ್ತಿರ ಬರುವಷ್ಟರಲ್ಲಿ ಮಕ್ಕಳು ತಾವಾಗಿಯೇ ಸಾಲು ಕಟ್ಟಿರುತ್ತಾರೆ. ಅದು ಪ್ರೀತಿಯಿಂದಲ್ಲ ಎಂದು ನನಗೂ ಗೊತ್ತು.

ಆ ವರ್ಷ ಆಗಸ್ಟಿನಲ್ಲಿ ಕ್ಲಸ್ಟರ್ ಮಟ್ಟದ ಹಾಡಿನ ಸ್ಪರ್ಧೆ ಇತ್ತು. ಸುತ್ತಲಿನ ಶಾಲೆಗಳೆಲ್ಲ ಒಂದೆಡೆ ಸೇರುತ್ತವೆ. ಸಮೂಹಗಾನಕ್ಕೆ ಆರು ಮಕ್ಕಳು. ಒಂದು ತಲೆ ಹೆಚ್ಚಾಗುವಂತಿಲ್ಲ, ಕಡಿಮೆಯಾಗುವಂತಿಲ್ಲ. ನನ್ನ ಎರಡು ತರಗತಿ ಸೇರಿ ಹತ್ತೊಂಬತ್ತು ಮಕ್ಕಳಿದ್ದರು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಹಾರ್ಮೋನಿಯಂನ ಎರಡನೇ ಕಪ್ಪು ಮನೆಯನ್ನು ಒತ್ತಿ, ಅದನ್ನೇ 'ಸ' ಎಂದು ಹಿಡಿದು ಒಬ್ಬೊಬ್ಬರಿಂದಲೂ ಒಂದು ಸಾಲು ಹಾಡಿಸಿದೆ. ನಮ್ಮಲ್ಲಿ ಅದಕ್ಕೆ 'ಕಪ್ಪು ಎರಡು' ಎನ್ನುತ್ತಾರೆ. ಟಿ.ಸಿ.ಎಚ್. ಓದುವಾಗ ನನ್ನ ಗುರುಗಳ ಬೆರಳು ಅಲ್ಲಿರುತ್ತಿತ್ತು, ಆದ್ದರಿಂದ ನನ್ನ ಬೆರಳೂ ಅಲ್ಲಿಗೇ ಹೋಗುತ್ತಿತ್ತು. ಆ ಎತ್ತರಕ್ಕೆ ಮುಟ್ಟಿದ ಆರು ಹುಡುಗಿಯರು ಉಳಿದರು. ಉಳಿದ ಹದಿಮೂರು ಮಂದಿಗೆ "ನಿಮಗೆ ಶ್ರುತಿ ಇಲ್ಲ, ಹೋಗಿ ಲೆಕ್ಕ ಮಾಡ್ರಿ" ಎಂದೆ. ಅವರೇನೂ ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. ಮಕ್ಕಳು ಬೇಜಾರನ್ನು ನಮ್ಮೆದುರಿಗೆ ಮಾಡಿಕೊಳ್ಳುವುದಿಲ್ಲ ಎನ್ನುವುದು ಆಗ ತಲೆಗೆ ಹೋಗಲಿಲ್ಲ.

ಮೂರು ವಾರ ತಾಲೀಮು ನಡೆಯಿತು. ಸ್ಪರ್ಧೆಗೆ ಎರಡು ದಿನ ಇದೆ ಎನ್ನುವಾಗ ಆರರಲ್ಲಿ ಒಬ್ಬಳಿಗೆ ಮೈತುಂಬ ಗುಳ್ಳೆ ಎದ್ದು ಅಮ್ಮ ಆಯಿತು. ಅವಳು ಹದಿನೈದು ದಿನ ಮನೆ ಬಿಡುವಂತಿಲ್ಲ. ನನಗೆ ತಲೆ ಕೆಟ್ಟುಹೋಯಿತು. ಐದು ಜನರ ತಂಡವನ್ನು ವೇದಿಕೆ ಹತ್ತಿಸುವುದಿಲ್ಲ. ಹಸಿರು ಲಂಗ, ಹಳದಿ ಜಾಕೀಟು ಆರು ಜೊತೆ ಹೊಲಿಸಿ ಇಟ್ಟಾಗಿತ್ತು. ಆ ಆರನೇ ಲಂಗ ಯಾರಿಗೆ ಸರಿಹೋಗುತ್ತದೆ ಎಂದು ನೋಡಿದರೆ, ಅದು ನಾಲ್ಕನೇ ತರಗತಿಯ ಒಬ್ಬ ಹುಡುಗಿಗೆ ಅಳತೆ ತೆಗೆದು ಹೊಲಿದ ಹಾಗೆ ಕೂತಿತು. ನಮ್ಮ ಶಾಲೆಯ ಬಿಸಿಯೂಟದ ಅಡುಗೆ ಮಾಡುವ ಅಕ್ಕನ ಮಗಳು ಅವಳು. ಹೇಳಿದ ಮಾತು ಕೇಳುವ, ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಹುಡುಗಿ. ಹಾಡಿಸಿ ನೋಡಿದೆ. ದಪ್ಪನೆಯ ದನಿ. ಉಳಿದ ಐವರು ಮೇಲಕ್ಕೆ ಹೋಗುವ ಕಡೆ ಇವಳ ದನಿ ದಬಕ್ಕನೆ ಕೆಳಗೆ ಕೂರುತ್ತಿತ್ತು. ಆಗ ನಾನು ಅವಳ ಗಲ್ಲ ಹಿಡಿದು, ನನ್ನ ಮಟ್ಟಿಗೆ ಬಹಳ ಪ್ರೀತಿಯಿಂದಲೇ ಹೇಳಿದೆ:

"ನೋಡು ಪುಟ್ಟಿ, ನೀನು ಬರೇ ತುಟಿ ಆಡ್ಸಿದ್ರೆ ಸಾಕು. ದನಿ ತೆಗೀಬ್ಯಾಡ. ಆಯ್ತಾ?"

ಅವಳು ತಲೆಯಾಡಿಸಿದಳು. ಸ್ಪರ್ಧೆಯಲ್ಲಿ ಬಹಳ ಚೆನ್ನಾಗಿ ತುಟಿ ಆಡಿಸಿದಳು, ಕೈ ಅಭಿನಯವೂ ಎಲ್ಲರಿಗಿಂತ ಅವಳದ್ದೇ ಅಚ್ಚುಕಟ್ಟು. ಎರಡನೇ ಬಹುಮಾನ ಬಂತು. ಹೆಡ್ ಮಾಸ್ಟರ್ ಬಿಸ್ಕತ್ತಿನ ಪ್ಯಾಕೆಟ್ ಹಂಚಿದರು. ನಾನು ಲಂಗ ಜಾಕೀಟು ಮಡಚಿ ಬೀರುವಿನಲ್ಲಿಟ್ಟೆ, ಹಾರ್ಮೋನಿಯಂಗೆ ಹಳೇ ಸೀರೆ ಸುತ್ತಿದೆ, ಅರ್ಧವಾರ್ಷಿಕ ಪರೀಕ್ಷೆಯ ಕೆಲಸಕ್ಕೆ ಕೂತೆ. ಆ ಹುಡುಗಿಯನ್ನೂ ಆ ಮಾತನ್ನೂ ಮರೆತೇಬಿಟ್ಟೆ.

ಡಿಸೆಂಬರಿನ ಕೊನೆಯಲ್ಲಿ ನಮ್ಮ ಹೆಡ್ ಮಾಸ್ಟರಿಗೆ ಒಂದು ಹುರುಪು ಬಂತು. ಸಾಮಾನಿನ ಕೋಣೆಯಲ್ಲಿ ಎಷ್ಟೋ ವರ್ಷದಿಂದ ಬಿದ್ದಿದ್ದ ಶಾಲೆಯ ಬ್ಯಾಂಡ್ ಸೆಟ್ಟನ್ನು ಗಣರಾಜ್ಯೋತ್ಸವಕ್ಕೆ ಎಬ್ಬಿಸಬೇಕಂತೆ. ನಾಲ್ಕು ಸೈಡ್ ಡ್ರಮ್ಮು, ಒಂದು ದೊಡ್ಡ ಡ್ರಮ್ಮು, ಒಂದು ಜೊತೆ ತಾಳ. ಹೊರಗೆ ತೆಗೆದು ನೋಡಿದರೆ ಎರಡು ಡ್ರಮ್ಮಿನ ತೊಗಲು ಹರಿದಿತ್ತು, ದೊಡ್ಡದರೊಳಗೆ ಇಲಿ ಸಂಸಾರ ಹೂಡಿತ್ತು. "ಹೆಂಗೂ ನಿಮಗೆ ಹಾರ್ಮೋನಿಯಂ ಬರ್ತತಲ್ಲ ಮೇಡಂ, ಇದನ್ನೂ ನೀವೇ ನೋಡ್ಕಳ್ರಿ" ಎಂದರು ಹೆಡ್ ಮಾಸ್ಟರ್. ಹಾರ್ಮೋನಿಯಂ ಬಂದರೆ ಡ್ರಮ್ಮು ಬರುತ್ತದೆ ಎನ್ನುವುದು ದೋಸೆ ಬಂದರೆ ಬಾವಿ ತೋಡಲು ಬರುತ್ತದೆ ಎಂದಂತೆ. ಆದರೂ ಹೂಂ ಅಂದೆ.

ಹೊನ್ನಾಳಿಯಲ್ಲಿ ಮದುವೆ ಮೆರವಣಿಗೆಗೆ ಬ್ಯಾಂಡ್ ಬಾರಿಸುವ ಒಬ್ಬ ಸಾಹೇಬರಿದ್ದಾರೆ, ವಯಸ್ಸು ಅರವತ್ತು ದಾಟಿದೆ, ಎಲ್ಲರೂ ಬ್ಯಾಂಡ್ ಮಾಸ್ಟರ್ ಎನ್ನುತ್ತಾರೆ ಎಂದು ಯಾರೋ ಹೇಳಿದರು. ಹೋಗಿ ಕೇಳಿಕೊಂಡೆ. ಪುಷ್ಯ ಮಾಸದಲ್ಲಿ ಮದುವೆಗಳಿಲ್ಲ, ಕೈ ಖಾಲಿ ಐತೆ, ಬರ್ತೀನಿ ಎಂದರು. ಮಾರನೆಯ ವಾರದಿಂದ ದಿನಾ ಬೆಳಗ್ಗೆ ಪ್ರಾರ್ಥನೆಯ ಹೊತ್ತಿಗೆ ಸರಿಯಾಗಿ, ಹಳೇ ಲೂನಾದ ಮೇಲೆ ಬರತೊಡಗಿದರು.

ಮೊದಲ ಎರಡು ದಿನ ಮಕ್ಕಳ ಕೈಗೆ ಕೋಲನ್ನೇ ಕೊಡಲಿಲ್ಲ. ಡ್ರಮ್ಮಿಗೆ ಹೊಸ ತೊಗಲು ಏರಿಸುವುದನ್ನು ಎಲ್ಲರನ್ನೂ ಸುತ್ತ ಕೂರಿಸಿಕೊಂಡು ತೋರಿಸಿದರು. ಅಂಚಿನ ಲೋಹದ ಬಳೆ ಕೂರಿಸಿ ಬೋಲ್ಟು ಬಿಗಿಯುವಾಗ ಒಂದರ ಪಕ್ಕದಲ್ಲಿ ಒಂದನ್ನು ಬಿಗಿಯಬಾರದು. ಇದನ್ನೊಂದು ಸುತ್ತು ತಿರುಗಿಸಿದರೆ ಇದರ ಎದುರಿನದ್ದನ್ನು ಒಂದು ಸುತ್ತು. ಇಲ್ಲದಿದ್ದರೆ ತೊಗಲು ಒಂದು ಕಡೆ ಸುಕ್ಕು ಬಿದ್ದು ಆ ಡ್ರಮ್ಮು ಯಾವತ್ತೂ ಸರಿಯಾಗಿ ಮಾತಾಡುವುದಿಲ್ಲ. ಪ್ರತಿ ಸುತ್ತಿಗೂ ಬೆರಳಿನ ಗಿಣ್ಣಿನಿಂದ ಅಂಚಿನಲ್ಲಿ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದರು. ಮೂರನೆಯ ದಿನದಿಂದ ಬಿಸಿಯೂಟದ ಬಕೆಟ್ಟು ಬೋರಲು ಹಾಕಿ ಪಾಠ ಶುರುವಾಯಿತು. ಬಾಯಲ್ಲಿ ಎಣಿಸದೆ ಯಾರೂ ಬಾರಿಸುವಂತಿಲ್ಲ. "ಒಂದು, ಎರಡು, ಒಂದೆರಡು ಮೂರು" ಎಂದು ಗಟ್ಟಿಯಾಗಿ ಹೇಳಬೇಕು, ಕೈ ಅದರ ಹಿಂದೆ ಹೋಗಬೇಕು. ಅಡುಗೆಯ ಅಕ್ಕ ಅಡುಗೆಮನೆಯಿಂದಲೇ "ಸಾಹೇಬ್ರೆ, ನನ್ನ ಸಾರಿನ ಬಕೆಟ್ಟು ತೂತಾದ್ರೆ ನಿಮ್ಮ ಡ್ರಮ್ಮಿನಾಗೇ ಸಾರು ಬಡಸ್ತೀನಿ ನೋಡ್ರಿ" ಎಂದು ಕೂಗುತ್ತಿದ್ದಳು.

ಒಂದು ವಾರ ಆಗಿರಬೇಕು. ಪ್ರಾರ್ಥನೆ ಮುಗಿದ ಮೇಲೆ ಬ್ಯಾಂಡ್ ಮಾಸ್ಟರ್ ನನ್ನನ್ನು ಪಕ್ಕಕ್ಕೆ ಕರೆದರು.

"ಮೇಡಂ, ತಪ್ಪು ತಿಳ್ಕಬ್ಯಾಡ್ರಿ. ನಿಮ್ಮ ಸ್ಕೂಲಿನಾಗೂ ಡಮ್ಮಿ ಇಡ್ತೀರೇನು?"

"ಹಂಗಂದ್ರೆ?"

ಅವರು ಹೇಳಿದರು. ಮದುವೆಯವರು ಹನ್ನೆರಡು ಜನರ ಬ್ಯಾಂಡು ಬೇಕು ಎನ್ನುತ್ತಾರೆ. ಬಾರಿಸಲು ಬರುವವರು ಎಂಟೇ ಜನ ಸಿಗುತ್ತಾರೆ. ಮಿಕ್ಕ ನಾಲ್ವರಿಗೆ ಕೆಂಪು ಕೋಟು ಹಾಕಿ, ಕೈಗೊಂದು ಪೀಪಿ ಕೊಟ್ಟು ಸಾಲಿನಲ್ಲಿ ನಿಲ್ಲಿಸುತ್ತಾರೆ. ಅವರು ಕೆನ್ನೆ ಉಬ್ಬಿಸುತ್ತಾರೆ, ಬೆರಳು ಆಡಿಸುತ್ತಾರೆ, ಊದುವುದಿಲ್ಲ. ಅವರೇ ಡಮ್ಮಿ.

"ಐವತ್ತು ವರ್ಷ ಆತು ನನಗೆ ಈ ಕೆಲಸದಾಗೆ. ಪಕ್ಕದಾಗೆ ನಿಂತ್ರೆ ಸಾಕು, ಯಾರು ಊದ್ತಾರೆ, ಯಾರು ಊದಲ್ಲ, ಕಿವಿಗೆ ಗೊತ್ತಾಗ್ತೈತೆ. ಮೂರನೇ ಸಾಲಿನಾಗೆ ನಿಂತ್ಕಳ್ಳೋ ಆ ಹುಡುಗಿ, ಅಡುಗೆ ಅಮ್ಮನ ಮಗಳು. ವಾರದಿಂದ ನೋಡ್ತಿದೀನಿ. ಪ್ರಾರ್ಥನೆಗೂ ದನಿ ಇಲ್ಲ, ನಾಡಗೀತೆಗೂ ಇಲ್ಲ, ಜನಗಣಮನಕ್ಕೂ ಇಲ್ಲ. ಬರೇ ತುಟಿ. ಆದ್ರೆ ಒಂದಕ್ಷರ ಹಿಂದೆ ಬೀಳಲ್ಲ ನೋಡ್ರಿ."

ನನಗೆ ಸಿಟ್ಟು ಬಂತು. ಹೊರಗಿನವರು ಬಂದು ನನ್ನ ಮಕ್ಕಳ ಬಗ್ಗೆ ಹೇಳುವುದೆಂದರೇನು. "ನಮ್ಮ ಶಾಲೆಯಲ್ಲಿ ಅಂಥದ್ದೆಲ್ಲ ಇಲ್ಲ ಮಾಸ್ಟ್ರೇ" ಎಂದು ಸರಕ್ಕನೆ ತರಗತಿಗೆ ಹೋದೆ. ಆದರೆ ಮಾರನೆಯ ದಿನ ಪ್ರಾರ್ಥನೆಯಲ್ಲಿ ನಾನು ಎಂದಿನಂತೆ ಎದುರಿಗೆ ನಿಲ್ಲಲಿಲ್ಲ. ಮೂರನೇ ಸಾಲಿನ ಹಿಂದೆ ಹೋಗಿ ನಿಂತು ಬಗ್ಗಿ ಅವಳ ಬಾಯ ಹತ್ತಿರ ಕಿವಿ ಒಡ್ಡಿದೆ. ಉಸಿರಿನ ಸದ್ದು ಬಿಟ್ಟು ಏನೂ ಇರಲಿಲ್ಲ.

ತರಗತಿಯ ಹೊರಗೆ ಕರೆದು ಕೇಳಿದೆ. "ಯಾಕಮ್ಮಾ, ಯಾಕೆ ಹಾಡಲ್ಲ ನೀನು?"

ಅವಳು ನನ್ನ ಮುಖವನ್ನೇ ನೋಡಿದಳು. ಪರೀಕ್ಷೆಯಲ್ಲಿ ಪಾಠದಲ್ಲಿಲ್ಲದ ಪ್ರಶ್ನೆ ಕೊಟ್ಟರೆ ಮಕ್ಕಳು ನೋಡುತ್ತಾರಲ್ಲ, ಹಾಗೆ. "ನೀವೇ ಹೇಳಿದ್ರಲ್ಲ ಮಿಸ್, ದನಿ ತೆಗೀಬ್ಯಾಡ ಅಂತ."

ಅದು ಆಗಸ್ಟಿನಲ್ಲಿ ಹೇಳಿದ ಮಾತು. ಸ್ಪರ್ಧೆ ಮುಗಿದ ಮೇಲೆ "ಇನ್ನು ಹಾಡು" ಎಂದು ಹೇಳಬೇಕಿತ್ತು, ನಾನು ಹೇಳಲಿಲ್ಲ. ಐದು ತಿಂಗಳು, ದಿನಾ ಬೆಳಗ್ಗೆ, ಆ ಮಗು ನನ್ನ ಮಾತು ಪಾಲಿಸಿಕೊಂಡು ಎದುರಿಗೇ ನಿಂತಿತ್ತು. ನಾನು ದಿನಾ ಬೆಳಗ್ಗೆ ಅವಳನ್ನೇ ನೋಡಿಕೊಂಡು, ಉಗುರು ಕತ್ತರಿಸಿದ್ದಾಳೆಯೇ, ರಿಬ್ಬನ್ ಕಟ್ಟಿದ್ದಾಳೆಯೇ ಎಂದು ಪರೀಕ್ಷೆ ಮಾಡಿಕೊಂಡು ನಿಂತಿದ್ದೆ.

ಅಡುಗೆಮನೆಗೆ ಹೋದೆ. ಅಕ್ಕ ಅಕ್ಕಿ ಆರಿಸುತ್ತಿದ್ದಳು. ಮಗಳು ಮನೆಯಲ್ಲಿ ಹಾಡುತ್ತಾಳೆಯೇ ಎಂದು ಕೇಳಿದೆ. ಮೊರ ಕೆಳಗಿಟ್ಟಳು.

"ಅದನ್ನೇ ಕೇಳ್ಬೇಕು ಅಂತಿದ್ದೆ ಮೇಡಂ. ಮೊದ್ಲು ತಮ್ಮನ್ನ ತೊಟ್ಲಿಗೆ ಹಾಕಿ ಬೀದಿಗೆಲ್ಲ ಕೇಳೋ ಹಂಗೆ ಹಾಡೋಳು. ನಾನೇ ಬೈತಿದ್ದೆ, ಮಲಗ್ಸಾಕೆ ಹಾಡ್ತೀಯೋ ಎಬ್ಸಾಕೆ ಹಾಡ್ತೀಯೋ ಅಂತ. ಈಗ ತೊಟ್ಲು ತೂಗ್ತಾಳೆ, ಸುಮ್ನೆ ಬಾಯಿ ಆಡ್ಸ್ತಾಳೆ. ಗಂಟ್ಲು ಕೆಟ್ಟೈತೇನೋ ಅಂತ ಮೆಣಸಿನ ಕಷಾಯ ಕೊಟ್ಟೆ. ನ್ಯಾಮತಿ ಡಾಕ್ಟ್ರು ಟಾರ್ಚ್ ಬಿಟ್ಟು ನೋಡಿದ್ರು. ಗಂಟ್ಲು ಚೆನ್ನಾಗೈತೆ ಅಂದ್ರು."

ನಾನು ಬಾಯಿಬಿಟ್ಟು ಹೇಳಬೇಕಿತ್ತು. ಹೇಳಲಿಲ್ಲ. "ನೋಡ್ತೀನಿ ಅಕ್ಕಾ" ಎಂದು ತಪ್ಪಿಸಿಕೊಂಡು ಬಂದೆ. ಅಷ್ಟು ಧೈರ್ಯ ಅವತ್ತು ನನಗಿರಲಿಲ್ಲ.

ಮಾತು ವಾಪಸು ತೆಗೆದುಕೊಂಡರೆ ಆಯಿತಲ್ಲ, ಇದೇನು ದೊಡ್ಡ ವಿಷಯ ಎಂದುಕೊಂಡಿದ್ದೆ. ಹುಡುಗಿಯನ್ನು ಕೂರಿಸಿಕೊಂಡು "ಇನ್ಮೇಲೆ ದನಿ ತೆಗ್ದು ಹಾಡು ಪುಟ್ಟಿ" ಎಂದೆ. ಅವಳು ವಿಧೇಯವಾಗಿ ಬಾಯಿ ತೆರೆದಳು. ಏನೂ ಬರಲಿಲ್ಲ. ಚಾಕೊಲೇಟ್ ಕೊಡುತ್ತೇನೆಂದೆ. ಬರಲಿಲ್ಲ. ಧೈರ್ಯ ಬರಲಿ ಎಂದು ತರಗತಿಯ ಮುಂದೆ ನಿಲ್ಲಿಸಿ, ಹಾರ್ಮೋನಿಯಂ ತೆಗೆದು, ಅದೇ ಕಪ್ಪು ಎರಡು ಒತ್ತಿ "ಹಾಡು" ಎಂದೆ. ಅದು ನನ್ನ ಎರಡನೇ ತಪ್ಪು. ಕೀರಲು ದನಿಯೊಂದು ಬಂದು ಅಲ್ಲೇ ಮುರಿಯಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಾನು ಅವರಿಗೆ ಬೈದ ರಭಸಕ್ಕೆ ಇವಳೇ ಅಳುವಂತಾದಳು. ಮಾರನೆಯ ದಿನ ಪ್ರಾರ್ಥನೆಯಲ್ಲಿ ನೋಡಿದರೆ ತುಟಿಯೂ ಆಡುತ್ತಿರಲಿಲ್ಲ.

ಆಮೇಲೆ ಕೋಪ, ಮಾನ ಎಲ್ಲ ಬದಿಗಿಟ್ಟು ಬ್ಯಾಂಡ್ ಮಾಸ್ಟರ್ ಹತ್ತಿರ ಹೋದೆ. ಆಗಸ್ಟಿನಿಂದ ನಡೆದದ್ದೆಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಕೋಲಿನ ತುದಿಗೆ ಬಟ್ಟೆ ಸುತ್ತುತ್ತ ಕೇಳಿಸಿಕೊಂಡರು.

"ನಾನೂ ಡಮ್ಮಿನೇ ಇದ್ದೆ ಮೇಡಂ. ಹತ್ತು ವರ್ಷದ ಹುಡುಗ. ಎರಡು ವರ್ಷ ಚನ್ನಗಿರಿ, ಸಂತೇಬೆನ್ನೂರು ಕಡೆ ಮದುವೆಗೆಲ್ಲ ಕೆನ್ನೆ ಉಬ್ಬಿಸ್ಕೊಂಡು ತಿರುಗಿದೆ. ಊದಿದ್ರೆ ಒದೆ ಬೀಳ್ತಿತ್ತು. ಆಮೇಲೆ ಊದು ಅಂದಾಗ ಊದಾಕೆ ಆಗ್ಲಿಲ್ಲ. ಎಲ್ರೂ ಕೇಳ್ತಾರಲ್ಲ ಅನ್ನೋ ಹೆದರಿಕೆ."

"ಮತ್ತೆ ಹೆಂಗೆ ಊದಿದ್ರಿ?"

"ನಮ್ಮ ಉಸ್ತಾದ್ರು ನನ್ನ ದೊಡ್ಡ ಡ್ರಮ್ಮಿನ ಪಕ್ಕ ನಿಲ್ಸಿದ್ರು. ಮೆರವಣಿಗೆ, ಪಟಾಕಿ, ಡ್ರಮ್ಮು. ಈಗ ಊದು ಬೇಟಾ, ತಪ್ಪಾದ್ರೆ ನಿನಗೇ ಕೇಳ್ಸಲ್ಲ ಅಂದ್ರು. ಊದಿದೆ. ಅಷ್ಟೇ. ನೀವು ಆ ಮಗೂನ ಸದ್ದಿಲ್ಲದ ಕಡೆ ಹಾಡ್ಸಾಕೆ ಹೋಗಿದ್ದೀರಿ. ಅವಳಿಗೆ ಸದ್ದು ಬೇಕು."

ಅಂದೇ ಅವಳನ್ನು ಕರೆದು ದೊಡ್ಡ ಡ್ರಮ್ಮಿನ ಮುಂದೆ ನಿಲ್ಲಿಸಿದರು. ಹೆಗಲಿಗೆ ಹಾಕಿದರೆ ಡ್ರಮ್ಮಿನ ಹಿಂದೆ ಅವಳು ಪೂರ್ತಿ ಮುಚ್ಚಿಹೋಗುತ್ತಿದ್ದಳು. ಬೆಂಚಿನ ಮೇಲೆ ಡ್ರಮ್ಮಿಟ್ಟು, ಎರಡೂ ಕಡೆ ಇಟ್ಟಿಗೆ ಒತ್ತರಿಸಿ, ಬಟ್ಟೆ ಸುತ್ತಿದ ಕೋಲು ಕೈಗೆ ಕೊಟ್ಟರು. ಎಡಕ್ಕೂ ಬಲಕ್ಕೂ ಸೈಡ್ ಡ್ರಮ್ಮಿನವರು. "ಎಣಿಸ್ಕೊಂಡು ಹೊಡಿ ಬೇಟಿ" ಎಂದಷ್ಟೇ ಹೇಳಿ ಅವಳಿಗೆ ಬೆನ್ನು ಹಾಕಿ ನಿಂತರು. ನನ್ನನ್ನೂ ಆ ಕಡೆ ನೋಡಬೇಡಿ ಎಂದರು. ನೋಡದೆ ಇರುವುದು ನನ್ನಂಥವಳಿಗೆ ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು.

ಮೊದಲ ದಿನ ನಾಲ್ಕು ಡ್ರಮ್ಮೂ ಒಟ್ಟಿಗೆ. ಕಿವಿ ಕಿತ್ತುಹೋಗುವ ಸದ್ದು. ಎರಡು ದಿನ ಬಿಟ್ಟು ಒಂದು ಸೈಡ್ ಡ್ರಮ್ಮಿನವನನ್ನು ನೀರು ಕುಡಿದು ಬಾ ಎಂದು ಕಳಿಸಿದರು. ಮತ್ತೆರಡು ದಿನಕ್ಕೆ ಇನ್ನೊಬ್ಬನನ್ನು. ಹೀಗೆ ಗೊತ್ತಾಗದಂತೆ ಸುತ್ತಲಿನ ಸದ್ದನ್ನು ಕಡಿಮೆ ಮಾಡುತ್ತ ಬಂದರು. ಎಂಟನೇ ದಿನವೋ ಒಂಬತ್ತನೇ ದಿನವೋ, ಸಿಬ್ಬಂದಿ ಕೋಣೆಯಲ್ಲಿ ಪುಸ್ತಕ ತಿದ್ದುತ್ತ ಕೂತಿದ್ದ ನನಗೆ ಹೊರಗಿನಿಂದ ಒಂದು ದಪ್ಪನೆಯ ದನಿ ಕೇಳಿತು. "ಒಂದು, ಎರಡು, ಒಂದೆರಡು ಮೂರು." ಕೈಯಲ್ಲಿದ್ದ ಕೆಂಪು ಪೆನ್ನು ಹಾಗೇ ನಿಂತಿತು.

ಹಾಡಲ್ಲ, ಎಣಿಕೆ. ಆದರೂ ದನಿ. ಎದ್ದು ಹೋಗಿ ನೋಡಬೇಕೆಂದು ತುದಿಗಾಲಲ್ಲಿದ್ದೆ. ಹೋಗಲಿಲ್ಲ. ಬದಲಿಗೆ ಹಾರ್ಮೋನಿಯಂ ಬಿಚ್ಚಿ, ಮೆಲ್ಲಗೆ ತಿದಿ ಒತ್ತಿ ಅವಳ ದನಿ ಯಾವ ಮನೆಯಲ್ಲಿ ಕೂತಿದೆ ಎಂದು ಹುಡುಕಿದೆ. ಕಪ್ಪು ಎರಡಲ್ಲ. ಅಲ್ಲಿಂದ ಕೆಳಕ್ಕೆ, ಇನ್ನೂ ಕೆಳಕ್ಕೆ ಇಳಿದು, ಎಡಗಡೆಯ ಕಪ್ಪು ಐದಕ್ಕೆ ಬಂದಾಗ ಅವಳ "ಒಂದು" ಮತ್ತು ನಾನು ಒತ್ತಿದ ಮನೆ ಒಂದಾದವು.

ಮಧ್ಯಾಹ್ನ ಹತ್ತೊಂಬತ್ತು ಮಕ್ಕಳನ್ನೂ ಕೂರಿಸಿ, ಅದೇ ಕಪ್ಪು ಐದರಲ್ಲಿ ಆಗಸ್ಟಿನ ಹಾಡನ್ನೇ ಹಾಡಿಸಿದೆ. ಶ್ರುತಿ ಇಲ್ಲ ಎಂದು ಲೆಕ್ಕ ಮಾಡಲು ಕಳಿಸಿದ್ದ ಮಕ್ಕಳಲ್ಲಿ ಹೆಚ್ಚಿನವರು ಸಲೀಸಾಗಿ ಹಾಡಿದರು. ಮೇಲಿನ ಸಾಲಿಗೆ ಕತ್ತು ಚಾಚುತ್ತಿದ್ದವರು ಆರಾಮಾಗಿ ಕಾಲು ಚಾಚಿ ಹಾಡಿದರು. ಅವರಿಗೆ ಶ್ರುತಿ ಇಲ್ಲದೆ ಇರಲಿಲ್ಲ. ಇಪ್ಪತ್ತು ವರ್ಷದಿಂದ ನನ್ನ ಬೆರಳು ಒಂದೇ ಮನೆಯ ಮೇಲೆ ಕೂತಿತ್ತು, ಅಷ್ಟೇ. ಎಷ್ಟು ವರ್ಷದ ಎಷ್ಟು ಮಕ್ಕಳನ್ನು ಹಾಗೆ ವಾಪಸು ಕಳಿಸಿದ್ದೇನೋ. ಆ ಹುಡುಗಿ ಮಾತ್ರ ಅವತ್ತೂ ಹಾಡಲಿಲ್ಲ. ಡ್ರಮ್ಮಿನ ಮುಂದೆ ಬಂದ ದನಿ ಹಾರ್ಮೋನಿಯಂ ಮುಂದೆ ಬರಲಿಲ್ಲ.

ಮರುದಿನ ನಾನು ತರಗತಿಯ ಎದುರಿಗೆ ನಿಂತು ಹೇಳಿದೆ. "ಆಗಸ್ಟಿನಲ್ಲಿ ನಾನೊಂದು ತಪ್ಪು ಮಾಡಿದೆ. ಇವಳಿಗೆ ಹಾಡಬೇಡ ಅಂದೆ. ಆಮೇಲೆ ಹಾಡು ಅನ್ನೋದನ್ನ ಮರೆತೆ. ನಿಮಗೆಲ್ಲ ಶ್ರುತಿ ಇಲ್ಲ ಅಂದೆ. ಅದೂ ತಪ್ಪು. ನನ್ನ ತಪ್ಪು, ನಿಮ್ಮದಲ್ಲ." ಇಪ್ಪತ್ತು ವರ್ಷದ ನೌಕರಿಯಲ್ಲಿ ಮಕ್ಕಳ ಮುಂದೆ 'ನನ್ನ ತಪ್ಪು' ಎಂದದ್ದು ಅದೇ ಮೊದಲು. ಐದನೇ ತರಗತಿಯ ಒಬ್ಬ ಕೈ ಎತ್ತಿ, ನಿಜವಾದ ಕಾಳಜಿಯಿಂದ, "ಹಂಗಾರೆ ನಿಮಗೆ ಯಾರು ಬೈತಾರೆ ಮಿಸ್?" ಎಂದ. ಆ ಹುಡುಗಿ ತಲೆ ತಗ್ಗಿಸಿ ನಕ್ಕಳು. ಸಂಜೆ ಅವಳ ತಾಯಿಗೂ ಹೇಳಿದೆ. ಅಕ್ಕ ತೊಳೆದ ಪಾತ್ರೆಯನ್ನು ಬೋರಲು ಹಾಕಿದಳು. ಆಮೇಲೆ, "ಕಷಾಯ ನೀವು ಕುಡೀಬೇಕಿತ್ತು ಮೇಡಂ" ಎಂದಳು. ಅದನ್ನು ನಾನು ಪ್ರಸಾದದಂತೆ ತೆಗೆದುಕೊಂಡೆ.

ಗಣರಾಜ್ಯೋತ್ಸವಕ್ಕೆ ನಾಲ್ಕು ದಿನ ಇತ್ತು. ಬಹುಮಾನ ಬಂದ ಆರು ಮಕ್ಕಳಿಂದ ಅದೇ ಲಂಗ ಜಾಕೀಟಿನಲ್ಲಿ ಅದೇ ಹಾಡು ಹಾಡಿಸಬೇಕೆಂದು ಹೆಡ್ ಮಾಸ್ಟರ್ ಕಾರ್ಯಕ್ರಮ ಪಟ್ಟಿಯಲ್ಲಿ ಬರೆದಾಗಿತ್ತು. ನಾನು ಬೇಡ ಎಂದೆ. ಹತ್ತೊಂಬತ್ತು ಜನವೂ ಹಾಡುತ್ತಾರೆ, ಯೂನಿಫಾರಂನಲ್ಲೇ ಹಾಡುತ್ತಾರೆ, ಹಾಡು ಕೂಡ ಬೇರೆ. ಆ ಎರಡು ದಿನದಲ್ಲಿ ಮಕ್ಕಳೇ ಒಂದೊಂದು ಸಾಲು ಹೇಳಿ ನಮ್ಮೂರ ಬಸ್ಸಿನ ಮೇಲೊಂದು ಹಾಡು ಕಟ್ಟಿದ್ದರು. ಹಾಡುತ್ತ ಹಾಡುತ್ತ ಒಬ್ಬೊಬ್ಬರೇ ಬಸ್ಸು ಹತ್ತುತ್ತಾರೆ: ಬುಟ್ಟಿ ಹೊತ್ತವರು, ಕೋಳಿ ಹಿಡಿದವರು, ಸಂತೆಗೆ ಹೊರಟವರು. ಕೊನೆಗೆ, ಬಸ್ಸು ತಡೆಯಲು ಕಂಡಕ್ಟರ್ ಕೂಗುವ ಹಾಗೆ, "ಹೋಲ್ಡಾನಣ್ಣ ಹೋಲ್ಡಾನು, ಇನ್ನೂ ಒಬ್ರು ಬರೋದೈತೆ" ಎಂಬ ಸಾಲನ್ನು ಎರಡು ಸಲ ಹಾಡಿ ನಿಲ್ಲಿಸಬೇಕು.

"ಊರಿನ ಹಿರಿಯರೆಲ್ಲ ಬರ್ತಾರೆ ಮೇಡಂ. ಬಾವುಟದ ಕೆಳಗೆ ಬಸ್ಸಿನ ಹಾಡೇ? ಅದೂ ಶ್ರುತಿ ಇಲ್ಲದ ಹುಡುಗ್ರನ್ನೆಲ್ಲ ಕಟ್ಕೊಂಡು. ಮಾನ ಹೋಗ್ತೈತೆ."

"ಶ್ರುತಿ ಇಲ್ಲದೆ ಇದ್ದದ್ದು ನನಗೆ ಸಾರ್. ಆರೇ ಜನ ಹಾಡೋದಾದ್ರೆ ಹಾರ್ಮೋನಿಯಂ ನೀವೇ ಬಾರ್ಸ್ರಿ."

ಅವರು ನನ್ನ ಮುಖ ನೋಡಿದರು, ಪಟ್ಟಿ ನೋಡಿದರು, ಪೆನ್ನು ತೆಗೆದು ಆರು ಎನ್ನುವುದನ್ನು ಹೊಡೆದು ಹತ್ತೊಂಬತ್ತು ಎಂದು ಬರೆದರು. ಒಳ್ಳೆಯವರು ಅವರು. ನನ್ನ ಬಾಯಿಗೆ ಹೆದರಿದರು ಎಂದು ಬೇರೆಯವರು ಹೇಳುತ್ತಾರೆ, ನಾನು ನಂಬುವುದಿಲ್ಲ.

ಆ ಬೆಳಗ್ಗೆ ಅಂಗಳ ತುಂಬಿತ್ತು. ಬಾವುಟ ಹಾರಿತು. ಬೆಂಚಿನ ಮೇಲಿನ ದೊಡ್ಡ ಡ್ರಮ್ಮಿಗೆ ಆ ಹುಡುಗಿ ಕೋಲು ಇಳಿಸಿದಳು, ಸೈಡ್ ಡ್ರಮ್ಮಿನವರು ಸೇರಿದರು, ಮಿಕ್ಕ ತರಗತಿಗಳು ಅಂಗಳವನ್ನು ಮೂರು ಸುತ್ತು ಹೆಜ್ಜೆ ಹಾಕಿದವು. ಒಂದು ಏಟೂ ತಪ್ಪಲಿಲ್ಲ. ಬ್ಯಾಂಡ್ ಮಾಸ್ಟರ್ ತಮ್ಮ ಕೆಂಪು ಕೋಟು ಹಾಕಿಕೊಂಡೇ ಬಂದಿದ್ದರು. ಕಣ್ಣು ಮುಚ್ಚಿ ತಲೆದೂಗುತ್ತ ನಿಂತಿದ್ದರು. ಆಮೇಲೆ ಕೋಲು ಕೆಳಗಿಟ್ಟು ಅವಳೂ ಬಂದು ಹತ್ತೊಂಬತ್ತು ಮಂದಿಯ ಮಧ್ಯೆ ನಿಂತಳು. ನಾನು ಹಾರ್ಮೋನಿಯಂ ಮುಂದೆ ಕೂತು ಕಪ್ಪು ಐದನ್ನು ಒತ್ತಿದೆ. ಅವಳು ಹಾಡುತ್ತಾಳೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅವಳ ತಾಯಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

ಹಾಡು ಶುರುವಾಯಿತು. ಜನ ಬಸ್ಸಿನ ಹಾಡು ಕೇಳಿ ನಕ್ಕರು, ಚಪ್ಪಾಳೆಯಲ್ಲೇ ತಾಳ ಹಾಕಿದರು. ಆ ಗದ್ದಲದಲ್ಲಿ ನಾನು ಎಷ್ಟೇ ಕಿವಿಗೊಟ್ಟರೂ ಅವಳ ದನಿಯನ್ನು ಬೇರೆ ಮಾಡಿ ಕೇಳಲಾಗಲಿಲ್ಲ. ತುಟಿ ಆಡುತ್ತಿತ್ತು. ತುಟಿಯನ್ನು ನಂಬುವ ಕಾಲ ನನಗೆ ಮುಗಿದಿತ್ತು. ಕೊನೆಯ ಸಾಲು ಬಂತು. ಒಂದು ಸಲ ಹಾಡಿದರು. ಎರಡು ಸಲ ಹಾಡಿದರು. ಎಲ್ಲರೂ ನಿಲ್ಲಿಸಿದರು. ನಾನು ತಿದಿಯಿಂದ ಕೈ ತೆಗೆದೆ.

ಅವಳು ನಿಲ್ಲಿಸಲಿಲ್ಲ. ತಾಲೀಮಿನಲ್ಲಿ ಒಂದು ದಿನವೂ ದನಿ ತೆಗೆದು ಹಾಡಿರದವಳಿಗೆ ಎಲ್ಲಿ ನಿಲ್ಲಿಸಬೇಕೆಂಬ ಲೆಕ್ಕ ತಪ್ಪಿತ್ತು. ಇಡೀ ಅಂಗಳ ಸುಮ್ಮನಾಗಿದ್ದ ಆ ಹೊತ್ತಿನಲ್ಲಿ "ಹೋಲ್ಡಾನಣ್ಣ" ಎಂದು ಮೂರನೇ ಸಲ, ಒಬ್ಬಳೇ, ಬೀದಿಗೆಲ್ಲ ಕೇಳುವ ಹಾಗೆ ಎತ್ತಿಕೊಂಡಳು. ಅರ್ಧ ಸಾಲಿಗೆ ತಾನೊಬ್ಬಳೇ ಎಂದು ಗೊತ್ತಾಯಿತು. ದನಿ ಕಡಿದು ನಿಂತಿತು. ಅವಳು ಜನರ ಕಡೆ ನೋಡಲಿಲ್ಲ, ತಾಯಿಯ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. ಹಾಡಬಹುದೋ ಬೇಡವೋ ಎಂದು ಕೇಳುವ ನೋಟ ಅದು.

ತಿದಿ ಒತ್ತಿದೆ, ಅವಳು ಬಿಟ್ಟ ಜಾಗದಿಂದಲೇ ಸ್ವರ ಹಿಡಿದೆ, ಹೂಂ ಎಂದು ತಲೆಯಾಡಿಸಿದೆ. ಅವಳು ಹಾಡಿದಳು. "ಇನ್ನೂ ಒಬ್ರು ಬರೋದೈತೆ" ಎನ್ನುವ ಹೊತ್ತಿಗೆ ಹದಿನೆಂಟು ಮಂದಿಯೂ ಯಾರೂ ಹೇಳದೆ ಜೊತೆಗೂಡಿದರು. ಹಾರ್ಮೋನಿಯಂ ಮನೆಗಳು ನನಗೆ ಕಾಣಲಿಲ್ಲ, ಕಣ್ಣು ತುಂಬಿತ್ತು. ಬೆರಳು ತನ್ನಷ್ಟಕ್ಕೆ ಬಾರಿಸಿತು.

ಬ್ಯಾಂಡ್ ಮಾಸ್ಟರ್ ಮರುದಿನದಿಂದ ಬರಲಿಲ್ಲ. ಅವರಿಗೆ ಮದುವೆಗಳು ಶುರುವಾದವು. ಅವರಿಗೆ ನಾನು ಸರಿಯಾಗಿ ಕೃತಜ್ಞತೆ ಹೇಳಿದ್ದೇನೋ ಇಲ್ಲವೋ, ಇಲ್ಲಿ ಹೇಳುತ್ತಿದ್ದೇನೆ. ಆ ತಾಯಿಗೂ, ನನ್ನ ಮಾತನ್ನು ನಂಬಿ ತನ್ನ ಗಂಟಲನ್ನೇ ಮುಚ್ಚಿಕೊಂಡು, ಮತ್ತೆ ನನ್ನನ್ನೇ ನಂಬಿ ತೆರೆದ ಆ ಮಗುವಿಗೂ ಹೇಳಲು ನನ್ನಲ್ಲಿ ಅಷ್ಟು ಮಾತಿಲ್ಲ.

ಆ ಹಾಡನ್ನು ನಮ್ಮ ಮಕ್ಕಳು ಈಗಲೂ ಹಾಡುತ್ತಾರೆ. ಕೊನೆಯ ಸಾಲನ್ನು ಎಲ್ಲರೂ ಸೇರಿ ಎರಡು ಸಲ ಹಾಡಿ ನಿಲ್ಲಿಸುತ್ತಾರೆ, ಒಬ್ಬರು ಒಂಟಿಯಾಗಿ ಮೂರನೇ ಸಲ ಎತ್ತಿಕೊಳ್ಳುತ್ತಾರೆ, ಅರ್ಧಕ್ಕೆ ಎಲ್ಲರೂ ಸೇರುತ್ತಾರೆ. ಈ ವರ್ಷ ಹೊಸದಾಗಿ ಸೇರಿದ ಮಕ್ಕಳಿಗೆ ಅದು ತಪ್ಪಿನಿಂದ ಆದದ್ದೆಂದು ಗೊತ್ತಿಲ್ಲ. ಆ ಮೂರನೇ ಸಲ ಯಾರು ಎತ್ತಿಕೊಳ್ಳಬೇಕು ಎಂದು ಅವರಲ್ಲಿ ದಿನಾ ಜಗಳ.